ಮಹಡಿ, ಅಡುಗೆಮನೆ, ಬೀದಿ

ಕೋನಪ್ಪನ ಅಗ್ರಹಾರದ ನನ್ನ ನೆರೆಯ ಹಿರಿಯರು, ಮಕ್ಕಳು ಅಮೆರಿಕೆಯಲ್ಲಿ ನೆಲೆಸಿದ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಹೋದವರ ಕನ್ನಡ ಏನಾಗುತ್ತದೆ? ಅವರಿಗೆ ನಾನು ಹೇಳುವುದು ಎ. ಕೆ. ರಾಮಾನುಜನ್ನರ ಕಥೆಯನ್ನು.

ರಾಮಾನುಜನ್ 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ತಂದೆ ಗಣಿತದ ಪ್ರಾಧ್ಯಾಪಕರು. ಮಹಡಿಯಲ್ಲಿ ತಂದೆಯೊಡನೆ ಇಂಗ್ಲಿಷು, ಕೆಳಗೆ ಅಡುಗೆಮನೆಯಲ್ಲಿ ತಾಯಿಯೊಡನೆ ತಮಿಳು, ಹೊಸಿಲು ದಾಟಿದರೆ ಕನ್ನಡ. ಎಂದರೆ ಕನ್ನಡ ಅವರಿಗೆ ಮನೆಮಾತಲ್ಲ, ಬೀದಿಯ ಮಾತು. ಇದನ್ನು ನಾವು ಮರೆಯುವುದೇ ಹೆಚ್ಚು. ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದಾಗ ಅಜ್ಜಿಯರ ಕಥೆಗಳನ್ನೂ ಗಾದೆಗಳನ್ನೂ ಕೂಡಿಟ್ಟರು. 1959ರಲ್ಲಿ ಅಮೆರಿಕೆಗೆ ತೆರಳಿ, ಇಂಡಿಯಾನ ವಿಶ್ವವಿದ್ಯಾನಿಲಯದಲ್ಲಿ ಭಾಷಾವಿಜ್ಞಾನದ ಡಾಕ್ಟರೇಟ್ ಪಡೆದರು. ಮುಂದಿನ ಬಾಳೆಲ್ಲ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ.

ಅಲ್ಲಿಂದ ಅವರು ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದರು. ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಪೆಂಗ್ವಿನ್ ಪ್ರಕಟಣೆಯಾಗಿ ಹೊರಬಂತು. ಅನಂತಮೂರ್ತಿಯವರ ‘ಸಂಸ್ಕಾರ’ದ ಅನುವಾದ ಬಂದುದು 1976ರಲ್ಲಿ. ಈ ಕೀರ್ತಿಯ ನಡುವೆ ಅವರು ಕನ್ನಡದಲ್ಲಿ ಬರೆಯುವುದನ್ನು ನಿಲ್ಲಿಸಲಿಲ್ಲ ಎಂಬುದು ನನಗೆ ಅನುವಾದಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ, ‘ಮತ್ತು ಇತರ ಪದ್ಯಗಳು’ 1977ರಲ್ಲಿ ಬಂದವು.

ಚೀನದಿಂದ 1985ರಲ್ಲಿ ಅಮೆರಿಕೆಗೆ ಹೋದ ಹಾ ಜಿನ್ ಕಥೆ ಕಾದಂಬರಿಗಳಿಗೆ ಇಂಗ್ಲಿಷನ್ನೇ ಆರಿಸಿಕೊಂಡರು. 1999ರಲ್ಲಿ ಅಲ್ಲಿಯ ರಾಷ್ಟ್ರೀಯ ಪುಸ್ತಕ ಪ್ರಶಸ್ತಿಯನ್ನೂ ಪಡೆದರು. 1989ರ ತಿಯಾನನ್ಮೆನ್ ಹತ್ಯೆಗಳ ಬಳಿಕ ತಾಯ್ನಾಡಿಗೆ ಮರಳದವರು ಅವರು. ಅವರ ಆಯ್ಕೆಯನ್ನು ಹಳಿಯುವುದು ಸಲ್ಲದು. ರಾಮಾನುಜನ್ನರಿಗಾದರೋ ಊರಿನ ಬಾಗಿಲು ತೆರೆದೇ ಇತ್ತು, ಓದುಗರೂ ಇದ್ದರು.

ಅವರ ಕನ್ನಡ ಕಿರುಕಾದಂಬರಿ ‘ಮತ್ತೊಬ್ಬನ ಆತ್ಮಚರಿತ್ರೆ’ 1978ರದು. ಅದೇ ವರ್ಷ ಕಿಯೋನಿಕ್ಸ್ ಸಂಸ್ಥೆ ನಮ್ಮ ಅಗ್ರಹಾರ ಮತ್ತು ದೊಡ್ಡತೋಗೂರುಗಳ 300ಕ್ಕೂ ಹೆಚ್ಚು ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ತೊಡಗಿಸಿತು. ಈಗ ಇಲ್ಲಿಯ ಅಡುಗೆಮನೆಗಳಲ್ಲಿ ತೆಲುಗು, ತಮಿಳು, ಒಡಿಯಾ, ಹಿಂದಿ, ಕಚೇರಿಯಲ್ಲಿ ಇಂಗ್ಲಿಷು. ಮೈಸೂರಿನ ಆ ಮನೆಯ ಏರ್ಪಾಡೇ ಇದು, ಆದರೆ ಬೀದಿಯೊಂದು ಕಡಮೆ. ಎತ್ತರದ ಕಾಂಪೌಂಡುಗಳೊಳಗೆ ಆಡುವ ಮಕ್ಕಳು ಹೊರಗಿಳಿಯುವುದೇ ಅಪರೂಪ. ಹೋದವರ ಕನ್ನಡಕ್ಕಿಂತ ಬಂದವರ ಮಕ್ಕಳ ಕನ್ನಡವೇ ನನ್ನನ್ನು ಹೆಚ್ಚು ಕಾಡುತ್ತದೆ.

ರಾಮಾನುಜನ್ 1993ರ ಜುಲೈ 13ರಂದು ಷಿಕಾಗೊದಲ್ಲಿ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು ಬಂದ ಕನ್ನಡ ಕವನ ಸಂಕಲನಕ್ಕೆ ಅವರು ಬೀದಿಯಾಟವೊಂದರ ಹೆಸರನ್ನೇ ಇಟ್ಟಿದ್ದರು: ‘ಕುಂಟೋಬಿಲ್ಲೆ’.