ಅಬರಿಸ್ಟ್‌ವಿತ್‌ನ ಪೀಠ

ಅಂತರರಾಷ್ಟ್ರೀಯ ಸಂಬಂಧಗಳನ್ನು ಬಿ.ಎ. ತರಗತಿಯಲ್ಲಿ ವ್ಯಾಸಂಗ ಮಾಡುವವರಲ್ಲಿ, ಆ ವಿಷಯವು ಶೋಕದ ಸ್ಮಾರಕವಾಗಿ ಜನಿಸಿತೆಂಬುದನ್ನು ಬಲ್ಲವರು ವಿರಳ. ವೇಲ್ಸ್‌ನ ಕಡಲತೀರದ ಅಬರಿಸ್ಟ್‌ವಿತ್ ಕಾಲೇಜಿನಲ್ಲಿ 1919ರಲ್ಲಿ ಈ ವಿಷಯದ ಪ್ರಪ್ರಥಮ ಪ್ರಾಧ್ಯಾಪಕ ಪೀಠವು ಸ್ಥಾಪಿತವಾಯಿತು. ಮಹಾಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ನೆನಪಿಗಾಗಿ ಡೇವಿಡ್ ಡೇವೀಸರೂ ಅವರ ಸೋದರಿಯರೂ 20,000 ಪೌಂಡುಗಳನ್ನು ದಾನವಿತ್ತರು. ಪೀಠಕ್ಕೆ ವುಡ್ರೋ ವಿಲ್ಸನ್ನರ ಹೆಸರು ಬಂದಿತು. ಮೊದಲ ಪ್ರಾಧ್ಯಾಪಕರಾದ ಆಲ್ಫ್ರೆಡ್ ಜಿಮ್ಮರ್ನರು ಪ್ರಾಚೀನ ಗ್ರೀಸಿನ ವಿದ್ವಾಂಸರಾಗಿದ್ದರೆಂಬುದು ಇತಿಹಾಸದ ಅಧ್ಯಾಪಕರಾದ ನಮಗೆ ಹೆಮ್ಮೆಯ ಮಾತು.

ಆದರೆ 1936ರಲ್ಲಿ ಅದೇ ಪೀಠವನ್ನಲಂಕರಿಸಿದ ಇ. ಎಚ್. ಕಾರ್ ಅವರು ರಾಷ್ಟ್ರಸಂಘದ ಮೇಲಿನ ಭರವಸೆಯನ್ನೇ ಪ್ರಶ್ನಿಸಿದರು. ಡೇವೀಸರಿಗೆ ಇದು ಸಹ್ಯವಾಗಲಿಲ್ಲ. 1939ರಲ್ಲಿ, ಯುದ್ಧವು ಮತ್ತೆ ಹೊತ್ತಿಕೊಂಡ ದಿನಗಳಲ್ಲಿ, ಕಾರ್ ಅವರ ‘ಇಪ್ಪತ್ತು ವರ್ಷಗಳ ಬಿಕ್ಕಟ್ಟು’ ಪ್ರಕಟವಾಯಿತು. ಶಕ್ತಿಯನ್ನು ಗಣಿಸದ ಆದರ್ಶವು ಭ್ರಮೆಯೆಂದ ಅವರು, ಆದರ್ಶವನ್ನು ತೊರೆದ ಶಕ್ತಿರಾಜಕಾರಣವೂ ನಿಲ್ಲಲಾರದೆಂದು ಅದೇ ಗ್ರಂಥದಲ್ಲಿ ವಾದಿಸಿದರು. ನಮ್ಮ ಉತ್ತರಪತ್ರಿಕೆಗಳಲ್ಲಿ ಮೊದಲನೆಯ ಮಾತು ಮಾತ್ರ ಉಳಿದಿದೆ. ಕಾರ್ ಎಂದರೆ ವಾಸ್ತವವಾದಿ, ಅಷ್ಟೆ! ದೋಷವು ವಿದ್ಯಾರ್ಥಿಗಳದಲ್ಲ, ಟಿಪ್ಪಣಿ ಬರೆಯಿಸುವ ನಮ್ಮದು. ಕಾರ್ ಅವರ ಟೀಕೆಗೆ ಮೊದಲು ರಾಷ್ಟ್ರಸಂಘದ ಒಡಂಬಡಿಕೆಯನ್ನೇ ತರಗತಿಯಲ್ಲಿ ಓದಿಸಬಹುದು. ವರ್ಸೇಲ್ಸ್ ಒಪ್ಪಂದದ ಮೊದಲ ಭಾಗವಾಗಿರುವ ಅದರಲ್ಲಿ ಇರುವುದು 26 ವಿಧಿಗಳು; ಒಂದು ವಾರದ ಪಾಠಕ್ಕೆ ಅವು ಹೆಚ್ಚಾಗಲಾರವು.