ರೆಕ್ಕೆ ಕೆಳಗೆ ಮಲಗುವವರ ಜಾತ್ರೆ

ಬೆಂಗಳೂರು ವಿಮಾನಗಳ ಊರು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ತೇವೆ. ಎಚ್‌ಎಎಲ್ ಇದೆ, ಎನ್‌ಎಎಲ್ ಇದೆ, ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ಏರೋ ಇಂಡಿಯಾ ಇದೆ. ಎಲ್ಲ ಸರಿ. ಆದರೆ ಒಂದು ಮಾತು ಕೇಳ್ತೀನಿ. ಭಾನುವಾರ ಬೆಳಿಗ್ಗೆ ಎದ್ದು, ತನ್ನದೇ ಪುಟ್ಟ ವಿಮಾನ ಹತ್ತಿ, ಮೈಸೂರಿಗೆ ಹಾರಿ, ಮಸಾಲೆ ದೋಸೆ ತಿಂದು ಮಧ್ಯಾಹ್ನ ವಾಪಸ್ ಬರುವ ಬೆಂಗಳೂರಿಗರನ್ನು ನೀವು ಎಷ್ಟು ಜನರನ್ನು ನೋಡಿದ್ದೀರಿ? ಜಯನಗರ, ಬನಶಂಕರಿ, ಜೆಪಿ ನಗರದ ಬೀದಿಗಳಲ್ಲಿ ಎಚ್‌ಎಎಲ್‌ನಿಂದ ನಿವೃತ್ತರಾದ ಹಿರಿಯರು ಎಷ್ಟೋ ಮಂದಿ ಸಿಗ್ತಾರೆ. ವಿಮಾನ ಕಟ್ಟಿದ ಕೈಗಳು ಅವು. ಆದರೆ ಸ್ವಂತ ಖುಷಿಗೆ ವಿಮಾನ ಹಾರಿಸಿದವರು ಅವರಲ್ಲಿ ನನಗಂತೂ ಒಬ್ಬರೂ ಸಿಕ್ಕಿಲ್ಲ.

ಹಾಗಂತ ಪುಟ್ಟ ವಿಮಾನ ಕಟ್ಟೋದು ಈ ಊರಿಗೆ ಬರ್ತಿರಲಿಲ್ಲ ಅಂದುಕೊಳ್ಳಬೇಡಿ. ಕಥೆ ಇರೋದೇ ಅಲ್ಲಿ.

1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಈಗಲೂ ಹಳೇ ಬೆಂಗಳೂರಿಗರಿಗೆ ಐಐಎಸ್‌ಸಿ ಅಂದ್ರೆ ಟಾಟಾ ಇನ್‌ಸ್ಟಿಟ್ಯೂಟೇ!) ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಅದರ ಮುಖ್ಯಸ್ಥರಾಗಿದ್ದವರು ವಿ. ಎಂ. ಘಾಟಗೆ. ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಮಹಾಪಂಡಿತ ಪ್ರಾಂಟಲ್ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿ ಬಂದವರು. ಅವರು ಎಚ್‌ಎಎಲ್‌ಗೆ ಹೋಗಿ ವಿನ್ಯಾಸ ಮಾಡಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಹಾರಿತು. ಎರಡು ಸೀಟು, ಒಂದು ಪ್ರೊಪೆಲ್ಲರ್. ವಾಯುಪಡೆಯ ಎಷ್ಟೋ ಪೈಲಟ್‌ಗಳಿಗೆ ಓನಾಮ ತಿದ್ದಿಸಿದ್ದು ಅದೇ. ಒಂದು ಡಜನ್ ಎಚ್‌ಟಿ-2ಗಳು ಆಫ್ರಿಕಾದ ಘಾನಾಕ್ಕೂ ಹೋದವು.

ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು ಅದರ ತಂಗಿ, ಪುಷ್ಪಕ. 1958ರ ಸೆಪ್ಟೆಂಬರ್ 28ರಂದು ಮೊದಲು ಹಾರಿದ್ದು. ಅಮೆರಿಕದ ಏರೋಂಕಾ ಚೀಫ್ ಎಂಬ ವಿಮಾನವನ್ನು ತುಂಬಾ ಹೋಲುತ್ತದೆ. ತಲೆಯ ಮೇಲೆ ರೆಕ್ಕೆ, ಪಕ್ಕಪಕ್ಕದಲ್ಲಿ ಎರಡು ಸೀಟು, ಬಟ್ಟೆ ಹೊದಿಸಿದ ಮೈ, 90 ಅಶ್ವಶಕ್ತಿಯ ಎಂಜಿನ್. ಇವತ್ತು ನಮ್ಮ ರಸ್ತೆಯಲ್ಲಿ ಓಡುವ ಸಾಧಾರಣ ಕಾರುಗಳಿಗೂ ಹೆಚ್ಚುಕಮ್ಮಿ ಅಷ್ಟೇ ಶಕ್ತಿ ಇರುತ್ತೆ. ಗಂಟೆಗೆ 130-140 ಕಿ.ಮೀ. ವೇಗ. ಅಂದ್ರೆ ಸಂಜೆ ಹೊತ್ತು ನಾನು ಜಯನಗರದಿಂದ ಜಕ್ಕೂರಿಗೆ ಕಾರಿನಲ್ಲಿ ಮುಟ್ಟೋ ಅಷ್ಟರಲ್ಲಿ ಪುಷ್ಪಕ ಜಕ್ಕೂರಿನಿಂದ ಮೈಸೂರಿಗೆ ಹೋಗಿ ವಾಪಸ್ ಹೊರಟಿರುತ್ತೆ :-) ಸುಮಾರು 160 ಪುಷ್ಪಕಗಳನ್ನು ಕಟ್ಟಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಕೊಟ್ಟರು. ಜಕ್ಕೂರಿನ ಸರ್ಕಾರಿ ಶಾಲೆಯಲ್ಲೂ ಅವು ಹಾರಿದವು.

ಈಗ ಅದೇ ಕಾಲಕ್ಕೆ ಇನ್ನೊಂದು ಊರಿಗೆ ಹೋಗೋಣ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ. 1953ರ ಜನವರಿಯಲ್ಲಿ ಪಾಲ್ ಪೊಬೆರೆಜ್ನಿ ಎಂಬಾತ ತನ್ನಂಥ ಒಂದಷ್ಟು ಹುಚ್ಚರನ್ನು ಸೇರಿಸಿ ಒಂದು ಸಂಘ ಕಟ್ಟಿದ. ಹೆಸರು ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್, ಚಿಕ್ಕದಾಗಿ ಇಎಎ. ಮನೆಯ ಗ್ಯಾರೇಜಿನಲ್ಲಿ ತಾವೇ ವಿಮಾನ ಕಟ್ಟಿಕೊಳ್ಳುವವರ ಸಂಘ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೊದಲ ಫ್ಲೈ-ಇನ್ ನಡೆಯಿತು. ಫ್ಲೈ-ಇನ್ ಅಂದ್ರೆ ಇಷ್ಟೇ: ನಿಮ್ಮ ವಿಮಾನ ನೀವೇ ಹಾರಿಸಿಕೊಂಡು ಬನ್ನಿ, ಒಂದು ಕಡೆ ಇಳಿಯಿರಿ, ಮಾತಾಡಿ, ಊಟ ಮಾಡಿ, ಹಾರಿಕೊಂಡು ಹೋಗಿ. ಆ ಸಲ ಬಂದದ್ದು ಕೆಲವೇ ಕೆಲವು ವಿಮಾನಗಳು. ಎರಡು ವರ್ಷದ ನಂತರ, 1955ರಲ್ಲಿ, ಪೊಬೆರೆಜ್ನಿ ಒಂದು ಮಾಸಪತ್ರಿಕೆಯಲ್ಲಿ ಎಂಜಿನ್ನೂ ಸೇರಿ 800 ಡಾಲರಿಗಿಂತ ಕಡಿಮೆಯಲ್ಲಿ ವಿಮಾನ ಕಟ್ಟೋದು ಹೇಗೆ ಅಂತ ಬರೆದ. ಸಂಘಕ್ಕೆ ಜನ ನುಗ್ಗಿದರು. ಜಾತ್ರೆ ದೊಡ್ಡದಾಗಿ 1959ರಲ್ಲಿ ರಾಕ್‌ಫರ್ಡ್‌ಗೂ, 1970ರಲ್ಲಿ ಆಶ್‌ಕಾಶ್ ಎಂಬ ಊರಿಗೂ ಹೋಯಿತು. ಈಗ ವರ್ಷವರ್ಷ ಜುಲೈ ಕೊನೆಯ ವಾರ ಅಲ್ಲಿಗೆ 10,000ದಷ್ಟು ವಿಮಾನಗಳು, 6 ಲಕ್ಷಕ್ಕೂ ಹೆಚ್ಚು ಜನ ಬರ್ತಾರೆ.

ಸಾಫ್ಟ್‌ವೇರ್ ಕೂಲಿ ಮಾಡಿಕೊಂಡು ಶಿಕಾಗೋದಲ್ಲಿದ್ದಾಗ ಒಂದು ಶನಿವಾರ-ಭಾನುವಾರ ನಾನೂ ಅಲ್ಲಿಗೆ ಹೋಗಿದ್ದೆ. ಮೂರು ಗಂಟೆ ದಾರಿ. ಜೊತೆಗೆ ಬಂದ ಹಾಸನದ ಗೆಳೆಯ ಗೇಟಿನೊಳಗೆ ಕಾಲಿಟ್ಟವನೇ ಒಂದು ಮಾತು ಹೇಳಿದ: "ಮಾರಾಯಾ, ಇದು ದನಗಳ ಜಾತ್ರೆ ಕಣೋ!"

ನಿಜವಾಗ್ಲೂ ಹಾಗೇ ಇತ್ತು. ಘಾಟಿ ಸುಬ್ರಹ್ಮಣ್ಯದ ಜಾತ್ರೆ ನೋಡಿದ್ದೀರಲ್ಲ? ರೈತರು ಎತ್ತುಗಳನ್ನು ಹೊಡೆದುಕೊಂಡು ಬಂದು, ಅವುಗಳ ಪಕ್ಕದಲ್ಲೇ ಒಲೆ ಹೂಡಿ, ಅಲ್ಲೇ ಮಲಗ್ತಾರೆ. ಹೋಗೋ ಬರೋರೆಲ್ಲ ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ. ಇಲ್ಲೂ ಅದೇ. ಹುಲ್ಲಿನ ಮೇಲೆ ಸಾಲುಸಾಲಾಗಿ ವಿಮಾನಗಳು, ಪ್ರತಿ ರೆಕ್ಕೆಯ ಕೆಳಗೆ ಒಂದು ಡೇರೆ, ಪಕ್ಕದಲ್ಲಿ ಸ್ಟವ್, ಕುರ್ಚಿ, ಒಣಹಾಕಿದ ಟವೆಲ್ಲು. ಮನೆಯಲ್ಲಿ ಕಟ್ಟಿದ ವಿಮಾನಗಳ ಸಾಲಿನಲ್ಲಿ ಒಬ್ಬ ತಾತ ಫೋಟೋ ಆಲ್ಬಮ್ ಇಟ್ಟುಕೊಂಡು ಕೂತಿದ್ದರು. ಗ್ಯಾರೇಜಿನಲ್ಲಿ ಮೊದಲ ರಿವೆಟ್ ಹೊಡೆದದ್ದರಿಂದ ಹಿಡಿದು ಕೊನೆಗೆ ಬಣ್ಣ ಬಳಿದದ್ದರ ತನಕ ಎಲ್ಲದರ ಚಿತ್ರ. ವೃತ್ತಿಯಲ್ಲಿ ಅವರು ಶಾಲಾ ಮೇಷ್ಟ್ರು. ಒಂಬತ್ತು ವರ್ಷ ಹಿಡಿಯಿತಂತೆ. "ಹೆಂಡತಿ ಏನೂ ಅನ್ನಲಿಲ್ವಾ?" ಅಂತ ಕೇಳಿದೆ. ಪಕ್ಕದಲ್ಲೇ ಕೂತಿದ್ದ ಅಜ್ಜಿ ನಗ್ತಾ, ರೆಕ್ಕೆಯ ಪಕ್ಕೆಲುಬುಗಳಿಗೆ ಅಂಟು ಹಾಕಿದ್ದು ನಾನೇ ಅಂದರು.

ಇಳಿಯುವ ಕ್ರಮ ಇನ್ನೂ ಸ್ವಾರಸ್ಯ. ಹತ್ತಿರದ ರಿಪನ್ ಎಂಬ ಊರಿನಿಂದ ಪೈಲಟ್‌ಗಳು ರೈಲು ಹಳಿಯ ಜಾಡು ಹಿಡಿದು ಒಬ್ಬರ ಹಿಂದೆ ಒಬ್ಬರು ಬರಬೇಕು. ಫಿಸ್ಕ್ ಎಂಬ ಹಳ್ಳಿಯಲ್ಲಿ ನಿಯಂತ್ರಣಾಧಿಕಾರಿಗಳು ನೆಲದ ಮೇಲೆ ದುರ್ಬೀನು ಹಿಡಿದು ಕೂತಿರ್ತಾರೆ. ಬಣ್ಣ ನೋಡಿ, ರೆಕ್ಕೆ ನೋಡಿ ರೇಡಿಯೋದಲ್ಲಿ ಕರೀತಾರೆ: ಹಳದಿ ವಿಮಾನ, ರೆಕ್ಕೆ ಅಲ್ಲಾಡಿಸು. ಪೈಲಟ್ ಬಾಯಿ ಬಿಡೋ ಹಾಗಿಲ್ಲ, ರೆಕ್ಕೆ ಅಲ್ಲಾಡಿಸಿದರೆ ಸಾಕು, ಅದೇ ಉತ್ತರ. ಒಂದೇ ರನ್‌ವೇ ಮೇಲೆ ಬೇರೆಬೇರೆ ಬಣ್ಣದ ದೊಡ್ಡ ಬೊಟ್ಟುಗಳು. ನೀನು ಹಸಿರು ಬೊಟ್ಟಿಗೆ, ನೀನು ಕಿತ್ತಳೆಗೆ ಅಂತ ಹಂಚಿ, ಒಂದರ ಹಿಂದೆ ಒಂದು ಇಳಿಸ್ತಾರೆ. ಈ ಶಿಸ್ತು ನೋಡಿ ನನಗೆ ವಿಮಾನಕ್ಕಿಂತ ಹೆಚ್ಚು ಬೆರಗಾಯ್ತು.

ಅಲ್ಲಿನ ಕಾನೂನಿನಲ್ಲಿ ಒಂದು ಸಾಲಿದೆ. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಪ್ರತ್ಯೇಕ ವರ್ಗ ಇದ್ದು, ಅದರ ಹೆಚ್ಚಿನ ಭಾಗವನ್ನು ಕಟ್ಟಿದವರು ತಮ್ಮ ಕಲಿಕೆಗಾಗಿ ಅಥವಾ ಮನರಂಜನೆಗಾಗಿ ಕಟ್ಟಿರಬೇಕು. ಮನರಂಜನೆ! ಸರ್ಕಾರದ ಕಾಗದದಲ್ಲಿ, ವಿಮಾನದ ವಿಷಯದಲ್ಲಿ, ಖುಷಿಯೂ ಒಂದು ಕಾರಣ ಅಂತ ಬರೆದಿದ್ದಾರೆ.

ಆ ಸಾಲುಗಳ ನಡುವೆ ನಾನು ಹುಡುಕಿಕೊಂಡು ಹೋದ ವಿಮಾನ ಒಂದಿತ್ತು: ಲಾಂಗ್-ಈಝಿ. ಬರ್ಟ್ ರುಟಾನ್ ಎಂಬ ಅಸಾಧಾರಣ ವಿನ್ಯಾಸಕಾರನ ಸೃಷ್ಟಿ. ಪ್ರೊಪೆಲ್ಲರ್ ಹಿಂದೆ, ಪುಟ್ಟ ರೆಕ್ಕೆ ಮುಂದೆ. ನೋಡಿದರೆ ಹಿಂದುಮುಂದಾಗಿ ಹಾರುತ್ತಿದೆ ಅನ್ನಿಸುತ್ತೆ. ಫೋಮ್ ಕತ್ತರಿಸಿ, ಅದರ ಮೇಲೆ ಗಾಜಿನ ನಾರು ಮತ್ತು ಅಂಟು ಹಚ್ಚಿ ಕಟ್ಟುವುದು. ರುಟಾನ್ ನಕ್ಷೆಗಳನ್ನು ಮಾರಿದ. ಶಾಲಾ ಮೇಷ್ಟ್ರುಗಳು, ದಂತವೈದ್ಯರು, ಮೆಕ್ಯಾನಿಕ್‌ಗಳು ಕೊಂಡು ಕಟ್ಟಿದರು. ಇದೇ ರುಟಾನ್ ವಿನ್ಯಾಸ ಮಾಡಿದ ವಾಯೇಜರ್ 1986ರ ಡಿಸೆಂಬರ್‌ನಲ್ಲಿ ನಡುವೆ ಎಲ್ಲೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ ಒಂಬತ್ತು ದಿನದಲ್ಲಿ ಭೂಮಿ ಸುತ್ತಿತು.

ಇದರಲ್ಲಿ ಬೆಂಗಳೂರೇನು ಬಂತು ಅಂತೀರಾ? ವಾಯೇಜರ್ ಭೂಮಿ ಸುತ್ತಿದ ಎರಡೇ ತಿಂಗಳಿಗೆ, 1987ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೂ ಲಾಂಗ್-ಈಝಿಯ ಆಧಾರದ ಮೇಲೆ ಕಟ್ಟಿದ ವಿಮಾನವೊಂದು ಹಾರಿತು! ಕಟ್ಟಿದ್ದು ಎನ್‌ಎಎಲ್. ಆಗ ಅಲ್ಲಿ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಅವರು ನಮ್ಮ ಕಡೆಯವರೇ, ಗಾಂಧಿ ಬಜಾರಿನ ಆಚಾರ್ಯ ಪಾಠಶಾಲೆಯಲ್ಲಿ ಓದಿದವರು. ತಂದೆ ಆರ್. ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸ್ತಿದ್ದ, ಕನ್ನಡದಲ್ಲಿ ವಿಜ್ಞಾನ ಬರೆದ ಮೇಷ್ಟ್ರು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ವಿಮಾನ ನೋಡಿ ಮನಸೋತು ಮಗ ಈ ವಿದ್ಯೆಗೆ ಬಂದರು. ಲಾಂಗ್-ಈಝಿಯನ್ನು ಎನ್‌ಎಎಲ್ ತಂದದ್ದು ನಾರು-ಅಂಟಿನ ಹೊಸ ವಿದ್ಯೆಯನ್ನು ಕೈಗೂಡಿಸಿಕೊಳ್ಳೋದಕ್ಕೆ. ಅದಕ್ಕೆ ಇಟ್ಟ ಹೆಸರು ಲೈಟ್ ಕೆನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್.

ಹೆಸರು ಗಮನಿಸಿದಿರಾ? ಅಲ್ಲಿ ಅದು ಭಾನುವಾರದ ವಿಮಾನ. ಇಲ್ಲಿ ಅದು ಸಂಶೋಧನಾ ವಿಮಾನ. ಅಲ್ಲಿ ಗ್ಯಾರೇಜು, ಇಲ್ಲಿ ಪ್ರಯೋಗಾಲಯ. ನಮ್ಮವರ ಕೈಚಳಕದಲ್ಲಿ ಕೊರತೆ ಏನೂ ಇರಲಿಲ್ಲ. ಆ ಅನುಭವದ ಬೆನ್ನಿಗೇ ಬಂದ 'ಹಂಸ' ಪೂರ್ತಿ ಕಾಂಪೋಸಿಟ್‌ನಿಂದ ಕಟ್ಟಿದ ಎರಡು ಸೀಟಿನ ವಿಮಾನ. 1993ರ ನವೆಂಬರ್‌ನಲ್ಲಿ ಹಾರಿ, 2000ದಲ್ಲಿ ಪ್ರಮಾಣಪತ್ರ ಪಡೆಯಿತು. ಬಿಟಿಎಂ ಲೇಔಟಿನಿಂದ ಹೊಸೂರು ರಸ್ತೆ ಹಿಡಿದು ಹೋದರೆ, ಹೊಸೂರು ದಾಟಿ ತಳಿ ರಸ್ತೆಯಲ್ಲಿ ಬೆಳಗೊಂಡಪಳ್ಳಿ ಸಿಗುತ್ತೆ. ಗಡಿಯಾಚೆ ತಮಿಳುನಾಡಾದರೂ ಆ ಸೀಮೆಯಲ್ಲಿ ಕನ್ನಡ ಮಾತು ಕಿವಿಗೆ ಬೀಳ್ತಾನೇ ಇರುತ್ತೆ. ಅಲ್ಲಿ ತನೇಜಾ ಏರೋಸ್ಪೇಸ್ ಕಂಪನಿ ಸ್ವಂತ ರನ್‌ವೇ ಹಾಕಿಕೊಂಡು 1990ರ ದಶಕದಲ್ಲಿ ಇಟಲಿಯ ವಿನ್ಯಾಸದ ಪಿ-68 ಎಂಬ ಹಗುರ ವಿಮಾನ ಕಟ್ಟಿತು, ಆಮೇಲೆ ಹಂಸವನ್ನೂ ಕಟ್ಟಿತು.

ಪಟ್ಟಿ ನೋಡಿ: ಎಚ್‌ಟಿ-2 ವಾಯುಪಡೆಗೆ, ಪುಷ್ಪಕ ಕ್ಲಬ್ಬುಗಳ ತರಬೇತಿಗೆ, ಪುಷ್ಪಕದಿಂದಲೇ ಹುಟ್ಟಿದ ಕೃಷಕ್ ಸೈನ್ಯದ ಕಣ್ಗಾವಲಿಗೆ, 1972ರ ಬಸಂತ್ ಹೊಲಗಳಿಗೆ ಔಷಧ ಸಿಂಪಡಿಸೋದಕ್ಕೆ, ಲಾಂಗ್-ಈಝಿ ಸಂಶೋಧನೆಗೆ, ಹಂಸ ಮತ್ತೆ ತರಬೇತಿಗೆ. ಎಲ್ಲಕ್ಕೂ ಒಂದೊಂದು ಡ್ಯೂಟಿ. ಬಡ ದೇಶ, ವಿದೇಶಿ ವಿನಿಮಯಕ್ಕೂ ಪರದಾಟ, ಆಗ ಅದು ಸರಿಯೇ. ಪ್ರತಿ ರೂಪಾಯಿಗೂ ಲೆಕ್ಕ ಬೇಕಿತ್ತು. ಆದರೆ ಗಿರಾಕಿ ಯಾವಾಗಲೂ ಸರ್ಕಾರವೇ ಆದದ್ದರಿಂದ ಆಗಿದ್ದೇನು? ಸರ್ಕಾರಕ್ಕೆ ಬೇಕಾದಷ್ಟು ಆದ ಮೇಲೆ ಕಾರ್ಖಾನೆ ನಿಂತಿತು. ಪುಷ್ಪಕ 160ಕ್ಕೇ ಮುಗಿಯಿತು, ಬಸಂತ್ 39ಕ್ಕೇ. ವಿಮಾನವನ್ನು ಮಗುವಿನ ಹಾಗೆ ಉಜ್ಜಿ ತೊಳೆದು, ಬಿಡಿಭಾಗ ಹುಡುಕಿ, ಐವತ್ತು ವರ್ಷ ಹಾರಿಸೋ ಒಡೆಯರು ಅವಕ್ಕೆ ಸಿಗಲಿಲ್ಲ. ಆಶ್‌ಕಾಶ್‌ನಲ್ಲಿ 1940ರ ದಶಕದ ಏರೋಂಕಾಗಳು ಹೊಸದರ ಹಾಗೆ ಮಿರಮಿರ ಮಿಂಚುತ್ತಾ ನಿಂತಿದ್ದವು. ಅವಕ್ಕಿಂತ ಹತ್ತು-ಹದಿನೈದು ವರ್ಷ ಚಿಕ್ಕವಳು ನಮ್ಮ ಪುಷ್ಪಕ.

ಇದ್ದವರಿಗೂ ಹಾರೋದು ಸುಲಭವಿರಲಿಲ್ಲ. ಇಂಥ ಎಂಜಿನ್‌ಗಳು ಕುಡಿಯೋ ಏವ್‌ಗ್ಯಾಸ್ ಎಂಬ ಇಂಧನವನ್ನು ನಾವು ಹೊರದೇಶದಿಂದ ತರಿಸಿಕೊಳ್ಳಬೇಕಿತ್ತು. ಇಂಡಿಯನ್ ಆಯಿಲ್ ಕಂಪನಿ ಅದನ್ನು ವಡೋದರಾದಲ್ಲಿ ತಯಾರಿಸಿ ಬಿಡುಗಡೆ ಮಾಡಿದ್ದು 2022ರಲ್ಲಿ. ಊರಿಂದೂರಿಗೆ ಹೋಗೋ ಹಾರಾಟಕ್ಕೆ ಮುಂಚೆಯೇ ಫ್ಲೈಟ್ ಪ್ಲಾನ್ ಕೊಟ್ಟು ವಾಯುರಕ್ಷಣೆಯವರ ಅನುಮತಿ ಸಂಖ್ಯೆ ತಗೋಬೇಕು. ಇವೆಲ್ಲಕ್ಕಿಂತ ದೊಡ್ಡದು ಇಳಿಯೋ ಜಾಗ. ದೇವಸ್ಥಾನದ ಮುಂದೆ ಬಯಲಿಲ್ಲದಿದ್ದರೆ ಜಾತ್ರೆ ಎಲ್ಲಿ ಸೇರಬೇಕು ಹೇಳಿ?

ಬೆಂಗಳೂರಿನ ಆ ಬಯಲು ಜಕ್ಕೂರು. ಮೈಸೂರು ಸಂಸ್ಥಾನದ ಕಾಲದಲ್ಲಿ ಮೀಸಲಾದ, ಸುಮಾರು 200 ಎಕರೆಯ ಮೈದಾನ. 1949ರಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಅಲ್ಲಿದೆ. ಸಣ್ಣ ಮೈದಾನ ಏನು ಮಾಡಬಲ್ಲದು ಅಂತ ಕೇಳೋರಿಗೆ ಒಂದು ಉದಾಹರಣೆ: ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಹೆಲಿಕಾಪ್ಟರ್ ಸೇವೆ ಶುರು ಮಾಡಿದ್ದು ಜಕ್ಕೂರಿನಿಂದಲೇ. ಅದರಿಂದ ಬೆಳೆದ ಏರ್ ಡೆಕ್ಕನ್ 2003ರಲ್ಲಿ ಹುಬ್ಬಳ್ಳಿಗೆ ಹಾರಿ, ಹವಾಯಿ ಚಪ್ಪಲಿ ಹಾಕಿದವರನ್ನೂ ವಿಮಾನ ಹತ್ತಿಸಿತು. ಮೈಕ್ರೋಲೈಟ್‌ಗಳಲ್ಲಿ ಜನ ಮೊದಲ ಸಲ ತಮ್ಮ ಊರನ್ನು ಮೇಲಿನಿಂದ ನೋಡಿದ್ದೂ ಅಲ್ಲಿಂದಲೇ. ಆಮೇಲೆ ದೇವನಹಳ್ಳಿ ವಿಮಾನ ನಿಲ್ದಾಣ 2008ರಲ್ಲಿ ತೆರೆಯಿತು, ಬಳ್ಳಾರಿ ರಸ್ತೆಯ ಮೇಲೆ ಎತ್ತರದ ರಸ್ತೆ ಬಂತು. ರನ್‌ವೇ ತುದಿಗೇ ಆ ರಸ್ತೆ ಅಡ್ಡ ಬಂದದ್ದರಿಂದ ಬಳಸಬಹುದಾದ ಉದ್ದ ಕಡಿಮೆಯಾಯಿತು. ದೊಡ್ಡ ವಿಮಾನ ಹತ್ತೋರು ಬೇಗ ಹೋಗಲಿ ಅಂತ ಸಣ್ಣ ವಿಮಾನಗಳ ಜಾಗ ಮೊಟಕಾಯ್ತು. ಸುತ್ತ ಅಪಾರ್ಟ್‌ಮೆಂಟ್‌ಗಳು ಏಳುತ್ತಲೇ ಇವೆ. ನಗರದ ನಡುವೆ 200 ಎಕರೆ ಬಯಲು ಕಂಡರೆ ಯಾರಿಗೆ ಬಾಯಲ್ಲಿ ನೀರೂರಲ್ಲ!

ಕೆರೆ ಹೋದರೆ ಮತ್ತೆ ತೋಡಬಹುದು ಅಂತಾದರೂ ವಾದ ಮಾಡಬಹುದು. ರನ್‌ವೇ ಹೋದರೆ, ಅದರ ಎರಡೂ ತುದಿಯಲ್ಲಿ ಕಟ್ಟಡ ಎದ್ದ ಮೇಲೆ, ಮುಗಿಯಿತು.

2021ರ ಸೆಪ್ಟೆಂಬರ್ 3ರಂದು ಹಂಸದ ಹೊಸ ಅವತಾರ ಹಂಸ-ಎನ್‌ಜಿ ಬೆಂಗಳೂರಿನಲ್ಲೇ ಮೊದಲು ಹಾರಿತು. ವಿದ್ಯೆ ಈ ಊರಲ್ಲಿ ಇನ್ನೂ ಜೀವಂತ ಇದೆ ಅನ್ನೋದಕ್ಕೆ ಅದೇ ಸಾಕ್ಷಿ. ಅದೂ ತರಬೇತಿಗೇ. ಇರಲಿ. ನನ್ನ ಆಸೆ ಚಿಕ್ಕದು. ವರ್ಷಕ್ಕೊಂದು ಭಾನುವಾರ, ಮಳೆ ನಿಂತ ಮೇಲೆ, ಕಡಲೆಕಾಯಿ ಪರಿಷೆಯ ಹೊತ್ತಿಗೆ, ಜಕ್ಕೂರಿನ ಗೇಟು ಎಲ್ಲರಿಗೂ ತೆರೆಯಲಿ. ಬೆಳಗೊಂಡಪಳ್ಳಿಯಿಂದ, ಮೈಸೂರಿನಿಂದ, ತೋರಣಗಲ್ಲಿನಿಂದ ಹತ್ತೋ ಹದಿನೈದೋ ಸಣ್ಣ ವಿಮಾನಗಳು ಹಾರಿ ಬರಲಿ. ಮಿಲ್ವಾಕಿಯಲ್ಲೂ ಮೊದಲು ಬಂದದ್ದು ಹೆಚ್ಚೇನಿರಲಿಲ್ಲ. ಅವತ್ತು ನಮ್ಮ ಬೀದಿಯ ಎಚ್‌ಎಎಲ್ ಹಿರಿಯರನ್ನೆಲ್ಲ ಒಂದು ವ್ಯಾನಿನಲ್ಲಿ ಕರೆದುಕೊಂಡು ಹೋಗೋ ಜವಾಬ್ದಾರಿ ನನ್ನದು. ಜಯನಗರದಿಂದ ಬೆಳಿಗ್ಗೆ ಐದಕ್ಕೇ ಹೊರಡಬೇಕು ಅಷ್ಟೇ, ಟ್ರಾಫಿಕ್ ಶುರುವಾಗೋ ಮುಂಚೆ.