ಇದ್ದಲಿನ ಬಸ್ಸು ಹೊರಡದಿದ್ದಾಗ

ಯುದ್ಧದ ಚರಿತ್ರೆಯನ್ನು ರಣರಂಗದಲ್ಲಿ ನಿಂತು ಹೇಳುವುದು ವಾಡಿಕೆ. ನಾವಾದರೋ ಇಂದು ಒಂದು ಬಸ್ಸಿನ ಹಿಂಬದಿಯಲ್ಲಿ ನಿಂತು ಅದನ್ನು ನೋಡಬಯಸುತ್ತೇವೆ. 1941ರಲ್ಲಿ ಇಂಡಿಯಾ ದೇಶದಲ್ಲಿ ಪೆಟ್ರೋಲಿಗೆ ಪಡಿತರದ ಕಟ್ಟು ಬಿದ್ದಿತು. ಮರುವರ್ಷ ಬರ್ಮಾ ದೇಶವು ಜಪಾನೀಯರ ವಶವಾಗುವ ಹೊತ್ತಿಗೆ, ಅಲ್ಲಿನ ಎಣ್ಣೆಯ ಬಾವಿಗಳನ್ನು ಹಿಮ್ಮೆಟ್ಟುತ್ತಿದ್ದ ಬ್ರಿಟಿಷರೇ ಕೈಯಾರ ಕೆಡಿಸಿದರು. ಆ ವರ್ಷಗಳಲ್ಲಿ ಮೈಸೂರು ಸೀಮೆಯ ರಸ್ತೆಗಳಲ್ಲಿಯೂ, ಬೆನ್ನಿಗೆ ಕಬ್ಬಿಣದ ಒಲೆಯೊಂದನ್ನು ಹೊತ್ತ ಬಸ್ಸುಗಳು ಏದುತ್ತ ಸಂಚರಿಸಿದುವು.

ಈ ಯುಕ್ತಿಯು ಯುದ್ಧದ ಕೂಸಲ್ಲ. ಫ್ರಾನ್ಸಿನ ಜಾರ್ಜ್ ಇಂಬೇರ್ ಎಂಬಾತನು 1920ರ ದಶಕದಲ್ಲಿಯೇ ಸೌದೆಯ ಅನಿಲದಿಂದ ಮೋಟಾರು ನಡೆಯಿಸುವ ಯಂತ್ರವನ್ನು ಸಿದ್ಧಗೊಳಿಸಿದ್ದನು. ಸ್ವೀಡನ್ ದೇಶದಲ್ಲಿ 1941ರ ಕೊನೆಯ ವೇಳೆಗೆ ಸುಮಾರು 70,000 ವಾಹನಗಳು ಸೌದೆಯನ್ನೋ ಇದ್ದಲನ್ನೋ ಉಂಡು ಓಡುತ್ತಿದ್ದುವು.

ಪೆಟ್ರೋಲಿನ ವಾಹನವು ಹೊರಡದಿದ್ದರೆ ಡ್ರೈವರನು ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ: ಎಣ್ಣೆ ಬರುತ್ತಿದೆಯೆ, ಕಿಡಿ ಹಾರುತ್ತಿದೆಯೆ? ಇದ್ದಲಿನ ಬಸ್ಸಿನಲ್ಲಿ ಇವೆರಡಕ್ಕೂ ಮುಂಚಿನ ಪ್ರಶ್ನೆಯೊಂದಿತ್ತು. ಇಂಧನವು ಹುಟ್ಟಿದೆಯೆ? ಒಲೆಯ ತಳದಲ್ಲಿ ಕೆಂಡಕ್ಕೆ ಗಾಳಿ ತಗುಲಿದಾಗ ಮೊದಲು ಹುಟ್ಟುವುದು ಅಂಗಾರಾಮ್ಲ ವಾಯು, ಅದು ಉರಿಯದು. ಆ ವಾಯುವು ಬಿಳುಪೇರುವಷ್ಟು ಕಾದ ಇದ್ದಲಿನ ಪದರವನ್ನು ಹಾದುಬಂದರೆ ಮಾತ್ರ ಇಂಗಾಲದ ಮಾನಾಕ್ಸೈಡ್ ಎಂಬ ದಾಹ್ಯಾನಿಲವಾಗಿ ಮಾರ್ಪಡುತ್ತದೆ. ಕೆಂಡವು ಅರೆಬರೆ ಕಾದಿರುವಾಗ ಎಷ್ಟು ಹ್ಯಾಂಡಲು ಹೊಡೆದರೂ ಎಂಜಿನು ಮೌನವಾಗಿರುತ್ತಿದ್ದುದು ಇದರಿಂದಲೇ. ಹತ್ತು ಹದಿನೈದು ನಿಮಿಷ ಕ್ಲೀನರನು ಕೈಯಿಂದ ಗಾಳಿಯ ಚಕ್ರವನ್ನು ತಿರುಗಿಸಬೇಕು. ಬಳಿಕ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿಯಬೇಕು. ಜ್ವಾಲೆಯು ನೀಲಿಯಾಗಿ ಸ್ಥಿರವಾಗಿ ನಿಂತರೆ ಅನಿಲವು ಪಕ್ವವಾಯಿತೆಂದರ್ಥ. ಹೊಗೆಯಾಡಿ ಆರಿದರೆ ಇನ್ನೂ ತಿರುಗಿಸಬೇಕು. ಪ್ರಯಾಣಿಕರ ಗೊಣಗಾಟವನ್ನು ವಾಚಕರು ಊಹಿಸಿಕೊಳ್ಳಬಹುದು!

ಜ್ವಾಲೆ ನಿಲ್ಲದಿದ್ದರೆ ದೋಷವನ್ನು ಒಲೆಯಲ್ಲಿಯೇ ಅರಸಬೇಕು. ಇದ್ದಲು ಮಳೆಯಲ್ಲಿ ನೆನೆದಿದ್ದರೆ ಶಾಖವೆಲ್ಲ ನೀರನ್ನು ಆವಿಯಾಗಿಸುವುದರಲ್ಲಿಯೇ ತೀರುತ್ತದೆ. ಬೂದಿಯು ಕರಗಿ ಕಿಟ್ಟಗಟ್ಟಿ ಗಾಳಿಯ ದಾರಿಯನ್ನು ಮುಚ್ಚಿರಬಹುದು. ಮುಚ್ಚಳವು ಸರಿಯಾಗಿ ಕೂಡದೆ ಸಂದಿನಿಂದ ಗಾಳಿ ನುಗ್ಗಿದರಂತೂ ಅನಿಲವು ಒಳಗೇ ಉರಿದುಹೋಗುತ್ತದೆ. ಜ್ವಾಲೆ ಚೆನ್ನಾಗಿದ್ದೂ ಎಂಜಿನು ಏಳದಿದ್ದರೆ, ಪುಡಿಯಿಂದ ಕಟ್ಟಿಕೊಂಡ ಸೋಸುಕವನ್ನೂ ಗಾಳಿಯ ಕವಾಟವನ್ನೂ ನೋಡಬೇಕು. ಪೆಟ್ರೋಲಿಗೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಈ ಅನಿಲಕ್ಕಾದರೆ ಹೆಚ್ಚುಕಡಮೆ ತನ್ನಷ್ಟೇ ಗಾತ್ರದ ಗಾಳಿ ಸಾಕು. ಒಂದು ಕೂದಲೆಳೆಯಷ್ಟು ಹೆಚ್ಚು ತೆರೆದರೂ ಕೆಲಸ ಕೆಡುತ್ತಿತ್ತು. ಇಂಥ ಹದವನ್ನು ಅರಿತವನು ಕೈಗುಣವುಳ್ಳ ವೈದ್ಯನಿಗೆ ಸಮಾನನೆಂದು ನಮಗೆ ತೋರುತ್ತದೆ.

ಇಷ್ಟಾದರೂ ಬಲವು ಪೆಟ್ರೋಲಿನ ಮೂರನೆಯ ಎರಡು ಪಾಲಿಗಿಂತ ಹೆಚ್ಚಾಗಿ ದೊರೆಯುತ್ತಿರಲಿಲ್ಲ. ಏರು ಬಂದಲ್ಲಿ ಜನರು ಇಳಿದು ನಡೆಯಬೇಕು, ಕೆಲವೊಮ್ಮೆ ನೂಕಲೂಬೇಕು. ದಾರಿಯಲ್ಲಿ ಬಹಳ ಹೊತ್ತು ನಿಂತರೆ ಎಂಜಿನಿನ ಸೆಳೆತವಿಲ್ಲದೆ ಕೆಂಡವು ಮಂಕಾಗಿ, ಚಕ್ರ ತಿರುಗಿಸುವ ಕೆಲಸ ಮತ್ತೆ ಮೊದಲಾಗುತ್ತಿತ್ತು.

ಈ ಪರೀಕ್ಷೆಯಲ್ಲಿ ಪ್ರಾಣಭಯವೂ ಇದ್ದಿತೆಂಬುದನ್ನು ಈಗ ಹಲವರು ಮರೆತಿದ್ದಾರೆ. ಎಂಜಿನಿಗೆ ಅನ್ನವಾದ ಮಾನಾಕ್ಸೈಡ್ ಮನುಷ್ಯನಿಗೆ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪು ದ್ರವ್ಯವನ್ನು ಅದು ಆಮ್ಲಜನಕಕ್ಕಿಂತ 200 ಮಡಿಗೂ ಮಿಗಿಲಾಗಿ ಬಿಗಿಹಿಡಿಯುತ್ತದೆ. ಅನಿಲವು ಹೊರಗೆ ಹೆಚ್ಚಾಗಿ ಸೂಸುತ್ತಿದ್ದುದು ವಾಹನವು ಓಡುವಾಗಲಲ್ಲ, ಅದನ್ನು ಹೊರಡಿಸಲು ಕ್ಲೀನರನು ಒಲೆಗೆ ಮುಖವೊಡ್ಡಿ ಬಗ್ಗಿರುವಾಗ. ತಲೆನೋವು, ತಲೆಸುತ್ತು, ಆಮೇಲೆ ಮೂರ್ಛೆ. ಸ್ವೀಡನ್ನಿನ ವೈದ್ಯರು ಇಂಥ ರೋಗಿಗಳನ್ನು ಆ ವರ್ಷಗಳಲ್ಲಿ ಬಹುಮಂದಿಯನ್ನು ಕಂಡರು. ಬೆಂಕಿಯನ್ನು ಬಯಲಿನಲ್ಲಿಯೇ ಹಚ್ಚಬೇಕು, ಮುಚ್ಚಿದ ಕೊಟ್ಟಿಗೆಯಲ್ಲಿ ಕೂಡದೆಂಬ ನಿಯಮ ಹುಟ್ಟಿದುದು ಇದರಿಂದ. ಆದರೆ ಜಡಿಮಳೆಯ ಮುಂಜಾನೆ, ಇದ್ದಲು ಒದ್ದೆಯಾಗಬಾರದೆಂದು ಬಸ್ಸನ್ನು ಸೂರಿನಡಿಗೆ ತಳ್ಳುವ ಆಸೆಯೂ ಸಹಜವೇ.

ಪೆಟ್ರೋಲು ಮತ್ತೆ ದೊರೆಯತೊಡಗಲು ಒಲೆಗಳನ್ನು ಬಿಚ್ಚಿ ಗುಜರಿಗೆ ಹಾಕಿದರು. ಗಾಳಿಯ ಚಕ್ರವನ್ನು ತಿರುಗಿಸುತ್ತಿದ್ದ ಹುಡುಗರು ಟಾಪಿನ ಮೇಲಿನ ಗಂಟುಮೂಟೆಗಳತ್ತ ಹಿಂದಿರುಗಿದರು.